ಬ್ರಾಕೆಟ್ಟಿನೊಳಗಿನ ಇಪ್ಪತ್ತು ನಿಮಿಷ: ಆಸ್ಪತ್ರೆಯ ಚಾಪ್ಲನ್ ಕೆಲಸ, ಒಂದು ಪ್ರಕರಣ, ನನ್ನ ಎಂ.ಎ. ಪ್ರಬಂಧ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಪ್ರಕರಣದ ಆಯಿ, ಅಂದರೆ ಅಜ್ಜಿ, ಗಟ್ಟಿಮುಟ್ಟಾಗಿದ್ದಾರೆ, ಧಾರವಾಡ ಸೀಮೆಯ ತಮ್ಮ ಊರಲ್ಲೇ ಇದ್ದಾರೆ. ಹೀಗೆ ಬರೆಯುತ್ತೇನೆ ಅಂತ ಫೋನಿನಲ್ಲಿ ಕೇಳಿ ಒಪ್ಪಿಗೆ ಪಡೆದಿದ್ದೇನೆ. ಯಾರ ಹೆಸರೂ ಇಲ್ಲ, ಆಸ್ಪತ್ರೆಯ ಹೆಸರಿಲ್ಲ, ಗುರುತು ಹತ್ತುವಂಥ ಎರಡು ಮೂರು ವಿವರ ಬದಲಾಯಿಸಿದ್ದೇನೆ. ಒಂದು ಸಂಗತಿಯನ್ನು ಅವರು ಬರೆಯಬೇಡ ಅಂದರು. ಅದು ಪ್ರಬಂಧದಲ್ಲೂ ಇಲ್ಲ, ಇಲ್ಲೂ ಇಲ್ಲ.

ನಾನು ಇಂಗ್ಲೆಂಡಿಗೆ ಬಂದದ್ದು ನರ್ಸ್ ಆಗಿ. ಹನ್ನೊಂದು ವರ್ಷ ವಾರ್ಡಿನಲ್ಲಿ ದುಡಿದ ಮೇಲೆ ಅದೇ ಆಸ್ಪತ್ರೆಯ ಚಾಪ್ಲನ್ ವಿಭಾಗಕ್ಕೆ ವಾರಕ್ಕೆ ಎರಡು ದಿನ ಹೋಗತೊಡಗಿದೆ. ಜೊತೆಗೆ ಪಾರ್ಟ್ ಟೈಮ್ ಎಂ.ಎ. ಓದು, ವಿಷಯ ಚಾಪ್ಲನ್ಸಿ ಮತ್ತು ಆಧ್ಯಾತ್ಮಿಕ ಆರೈಕೆ. ಊರಿಗೆ ಫೋನ್ ಮಾಡಿ ಹೇಳಿದಾಗ ನಮ್ಮವ್ವ ಚಾರ್ಲಿ ಚಾಪ್ಲಿನ್ ಅಂತ ತಿಳಿದುಕೊಂಡಳು, ಈ ವಯಸ್ಸಿನಲ್ಲಿ ನಾಟಕದ ಕಂಪನಿ ಸೇರಿದೆಯಾ ಅಂತ ಬೈದಳು. ಅವಳ ತಪ್ಪಿಲ್ಲ. ಕನ್ನಡದಲ್ಲಿ ಈ ಕೆಲಸಕ್ಕೆ ಒಂದು ಹೆಸರೇ ಇಲ್ಲ.

ಕೆಲಸ ಏನು ಅಂದರೆ, ಆಸ್ಪತ್ರೆಯಲ್ಲಿ ಮಲಗಿದವರ ಹತ್ತಿರ ಹೋಗಿ ಕೂರುವುದು. ಪ್ರಾರ್ಥನೆ ಬೇಕು ಅಂದರೆ ಪ್ರಾರ್ಥನೆ, ಬೇಡ ಅಂದರೆ ಬೇಡ. ಹೆದರಿಕೆ, ಪಾಪದ ಅಳುಕು, ಮಗನ ಮೇಲಿನ ಸಿಟ್ಟು, ಸತ್ತಮೇಲೆ ಏನು ಅನ್ನುವ ಪ್ರಶ್ನೆ, ಕೆಲವೊಮ್ಮೆ ಬರೀ ಕ್ರಿಕೆಟ್ಟು. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್, 1948ರಲ್ಲಿ ಹುಟ್ಟಿದಾಗಿನಿಂದಲೂ ಆಸ್ಪತ್ರೆಗಳಲ್ಲಿ ಸಂಬಳದ ಚಾಪ್ಲನ್‌ಗಳಿದ್ದಾರೆ. ಮೊದಲು ಬಹುತೇಕ ಪಾದ್ರಿಗಳೇ. ಈಗ ಮುಸ್ಲಿಮರು, ಹಿಂದೂಗಳು, ಸಿಖ್ಖರು, ದೇವರೇ ಇಲ್ಲ ಅನ್ನುವವರು ಕೂಡ ಇದೇ ಕೆಲಸ ಮಾಡುತ್ತಾರೆ.

ನನ್ನ ಪ್ರಬಂಧದ ಯೋಜನೆ ಅಚ್ಚುಕಟ್ಟಾಗಿತ್ತು. ಸ್ಕಾಟ್ಲೆಂಡಿನವರು ಐದು ಪ್ರಶ್ನೆಯ ಒಂದು ಅಳತೆಗೋಲು ಮಾಡಿದ್ದಾರೆ. ಚಾಪ್ಲನ್ ಬಂದು ಹೋದ ಮೇಲೆ ರೋಗಿಗೆ ಹೇಗನ್ನಿಸಿತು ಅಂತ ಅಂಕಿಯಲ್ಲಿ ಹಿಡಿಯುವ ಫಾರಂ ಅದು. ಚುಟುಕಾಗಿ ಪ್ರಾಮ್ ಅನ್ನುತ್ತಾರೆ. ಅದನ್ನು ಕನ್ನಡ, ಹಿಂದಿ, ಗುಜರಾತಿಗೆ ತಂದು, ಮೂವತ್ತು ಜನ ದಕ್ಷಿಣ ಏಷ್ಯಾದ ರೋಗಿಗಳಿಗೆ ಕೊಟ್ಟು, ಅಂಕಿ ಕೂಡಿ, ನಮ್ಮ ಕೆಲಸದಿಂದ ಇಷ್ಟು ಲಾಭ ಅಂತ ತೋರಿಸುವುದು. ಆಸ್ಪತ್ರೆಯ ಮ್ಯಾನೇಜರುಗಳಿಗೆ ಅಂಕಿ ಬೇಕು, ಬಜೆಟ್ ಕತ್ತರಿಸುವಾಗ ಮೊದಲು ಕಣ್ಣಿಗೆ ಬೀಳುವುದು ನಮ್ಮ ವಿಭಾಗವೇ, ಹಾಗಾಗಿ ನನಗೂ ಅಂಕಿಯ ಮೇಲೆ ಬಹಳ ಆಸೆಯಿತ್ತು.

ಆಗ ಆಯಿ ಬಿದ್ದರು.

ಶುಕ್ರವಾರದಿಂದ ಸೋಮವಾರ

ಆಯಿಗೆ ಎಪ್ಪತ್ತೆಂಟೋ ಎಂಬತ್ತೋ. ಪಾಸ್‌ಪೋರ್ಟಿನಲ್ಲಿ ಹುಟ್ಟಿದ ದಿನ ಜೂನ್ 1. ನಮ್ಮ ಕಡೆಯ ಅರ್ಧ ಹಿರಿಯರು ಜೂನ್ 1ರಂದೇ ಹುಟ್ಟಿದವರು, ಶಾಲೆಯ ಮಾಸ್ತರರ ಕೃಪೆ. ಮಗನ ಮನೆಗೆ ಆರು ತಿಂಗಳಿಗೆ ಅಂತ ಬಂದಿದ್ದರು. ನವೆಂಬರಿನ ಒಂದು ಶುಕ್ರವಾರ ಸಂಜೆ ಬಚ್ಚಲಲ್ಲಿ ಕಾಲು ಜಾರಿ ಸೊಂಟದ ಹತ್ತಿರ ತೊಡೆಯ ಮೂಳೆ ಮುರಿಯಿತು. ಇಂಥ ಮುರಿತಕ್ಕೆ ದಾಖಲಾದ ದಿನ ಅಥವಾ ಮರುದಿನವೇ ಆಪರೇಷನ್ ಆಗಬೇಕು ಅಂತ ಇಲ್ಲಿ ನಿಯಮ. ಒಳ್ಳೆಯ ನಿಯಮವೇ. ತಡವಾದಷ್ಟೂ ವಯಸ್ಸಾದವರು ಏಳುವುದು ಕಷ್ಟ. ಶನಿವಾರ ಬೆಳಿಗ್ಗೆ ಥಿಯೇಟರಿಗೆ ಒಯ್ದರು.

ಥಿಯೇಟರಿಗೆ ಹೋಗುವ ಮುಂಚೆ ಒಂದು ಚೆಕ್‌ಲಿಸ್ಟ್ ಇರುತ್ತದೆ. ಹಲ್ಲಿನ ಸೆಟ್ಟು ತೆಗೆದಿದ್ದೀರಾ, ಒಡವೆ ತೆಗೆದಿದ್ದೀರಾ. ಆಯಿಯ ಕೊರಳಲ್ಲಿ ಶಿವದಾರ, ಅದರಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ನರ್ಸ್ ಅದನ್ನು ತಲೆಯ ಮೇಲಿಂದ ತೆಗೆದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸೀಲ್ ಮಾಡಿದಳು. ಚೀಲದ ಮೇಲೆ ಬರೆದದ್ದು ಇಷ್ಟು: ಬಿಳಿ ಲೋಹದ ಡಬ್ಬಿ, ದಾರ ಸಮೇತ, ಒಂದು. ಬೆಳ್ಳಿ ಅಂತ ಬರೆಯುವ ಹಾಗಿಲ್ಲ, ಆಮೇಲೆ ಬೆಳ್ಳಿಯಲ್ಲ ಅಂತಾದರೆ ತಕರಾರು. ನಾನೂ ಹನ್ನೊಂದು ವರ್ಷ ಹಾಗೇ ಬರೆದವಳು. ಮಗ ಸಹಿ ಮಾಡಿ ರಸೀದಿ ತೆಗೆದುಕೊಂಡ. ಚೀಲ ಕ್ಯಾಷಿಯರ್ ಆಫೀಸಿನ ಲಾಕರಿಗೆ ಹೋಯಿತು. ಆ ಆಫೀಸು ಶನಿವಾರ ಮಧ್ಯಾಹ್ನ ಮುಚ್ಚಿದರೆ ತೆಗೆಯುವುದು ಸೋಮವಾರ ಒಂಬತ್ತಕ್ಕೆ.

ಆಪರೇಷನ್ ಚೆನ್ನಾಗಿ ಆಯಿತು. ಶನಿವಾರ ಸಂಜೆ ಟೀ ಕೊಟ್ಟರು, ಆಯಿ ಕುಡಿಯಲಿಲ್ಲ. ಭಾನುವಾರ ಬೆಳಿಗ್ಗೆ ತಿಂಡಿ ಬೇಡ ಅಂದರು. ನೀರೂ ಬೇಡ. ಡ್ರಿಪ್ ಹಾಕಿದರು. ಆಯಿ ಪದೇ ಪದೇ ಎದೆಯ ಮೇಲೆ ಕೈಯಾಡಿಸುತ್ತಿದ್ದರು, ಏನೋ ಹುಡುಕುವ ಹಾಗೆ. ಎದೆನೋವು ಇರಬಹುದು ಅಂತ ಇಸಿಜಿ ತೆಗೆದರು. ಇಸಿಜಿ ಸರಿಯಿತ್ತು. ಸಂಜೆಗೆ ದನಿ ಏರಿತು, ಒಂದೇ ಮಾತನ್ನು ಮತ್ತೆ ಮತ್ತೆ ಕೂಗತೊಡಗಿದರು. ಆಪರೇಷನ್ ಆದ ಮುದುಕರಲ್ಲಿ ಬುದ್ಧಿ ಗಲಿಬಿಲಿಯಾಗುವುದು ಸಾಮಾನ್ಯ, ಡೆಲಿರಿಯಂ ಅನ್ನುತ್ತಾರೆ. ಅದನ್ನು ಪರೀಕ್ಷಿಸಲು 4ಎಟಿ ಅಂತ ಪುಟ್ಟ ಪರೀಕ್ಷೆಯಿದೆ: ವಯಸ್ಸೆಷ್ಟು, ಹುಟ್ಟಿದ ದಿನ ಯಾವುದು, ಈಗ ಯಾವ ವರ್ಷ, ಡಿಸೆಂಬರಿನಿಂದ ಹಿಂದಕ್ಕೆ ತಿಂಗಳ ಹೆಸರು ಹೇಳಿ. ಫೋನಿನಲ್ಲಿ ಸಿಕ್ಕ ದುಭಾಷಿ ಹಿಂದಿಯವರು. ಆಯಿಗೆ ಹಿಂದಿ ಅಷ್ಟಕ್ಕಷ್ಟೇ. ಹುಟ್ಟಿದ ದಿನವಂತೂ ಮೊದಲೇ ಮಾಸ್ತರರು ಕೊಟ್ಟದ್ದು. ಫೇಲಾದರು.

ಫಾರಂನಲ್ಲಿ ಧರ್ಮ ಹಿಂದೂ ಅಂತ ಇತ್ತು. ಹಾಗಾಗಿ ಭಾನುವಾರ ನಮ್ಮ ಹಿಂದೂ ಸ್ವಯಂಸೇವಕರೊಬ್ಬರು ಬಂದರು. ಗುಜರಾತಿ ಹಿರಿಯರು, ಚಿನ್ನದಂಥ ಮನುಷ್ಯ, ರಜೆಯ ದಿನ ಮಳೆಯಲ್ಲಿ ಬಸ್ಸು ಹತ್ತಿ ಬಂದವರು. ಕೃಷ್ಣನ ಪಟ, ತುಳಸಿ, ಬಾಟಲಿಯಲ್ಲಿ ಗಂಗಾಜಲ ತಂದಿದ್ದರು. ಆಯಿ ಕೈ ಮುಗಿದು ಮುಖ ಆಚೆ ತಿರುಗಿಸಿದರು. ಪ್ರಾರ್ಥನೆ ಮಾಡಿದೆ, ಶಾಂತವಾಗಿದ್ದರು ಅಂತ ಅವರು ನೋಟ್ಸಿನಲ್ಲಿ ಬರೆದರು. ಆಯಿ ಶಾಂತವಾಗಿರಲಿಲ್ಲ, ಮರ್ಯಾದೆಯಿಂದ ಇದ್ದರು ಅಷ್ಟೇ. ಮನೆಗೆ ಬಂದವರ ಎದುರು ಮುಖ ಗಂಟಿಕ್ಕಬಾರದಲ್ವಾ.

ಸೋಮವಾರ ಎಂಟಕ್ಕೆ ನಾನು ಡ್ಯೂಟಿಗೆ ಹೋದಾಗ ಚೀಟಿ ಕಾದಿತ್ತು. ಹಿಂದೂ ಮಹಿಳೆ, ಮಂಕಾಗಿದ್ದಾರೆ, ಊಟ ನಿರಾಕರಣೆ, ಡೆಲಿರಿಯಂ ಇರಬಹುದು, ದಯವಿಟ್ಟು ನೋಡಿ.

ಮಂಚದ ಹತ್ತಿರ ಹೋಗಿ ನಮಸ್ಕಾರ ಅಂದೆ. ಒಂದು ಕಣ್ಣು ತೆರೆದರು.

"ಯಾವೂರಾಕಿ ನೀ?"

"ಧಾರವಾಡದಾಕಿರೀ ಆಯಿ."

"ಧಾರವಾಡದಾಗ ಎಲ್ಲಿ?"

"ಹೊಸಯಲ್ಲಾಪುರರೀ."

ಇನ್ನೊಂದು ಕಣ್ಣೂ ತೆರೆಯಿತು. "ಯಾರ ಪೈಕಿ?"

"ಕ್ರಿಶ್ಚನ್ ಮಂದೀರಿ."

"ಇರವಲ್ದ್ಯಾಕ ಬಿಡವ್ವಾ. ನನ್ನ ಲಿಂಗ ಎಲ್ಲಿಟ್ಟಾರ, ಅದನ್ನ ಕೇಳು ಮೊದಲ."

ಎರಡು ದಿನ ಅವರು ಕೂಗುತ್ತಿದ್ದದ್ದು ಇದನ್ನೇ. ಡೆಲಿರಿಯಂ ಇರಲಿಲ್ಲ.

ನಾನು ಬಾಸೆಲ್ ಮಿಷನ್ ಮಂದಿಯ ಮನೆಯವಳು. ಮಿಷನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ನಮ್ಮ ಮನೆತನ ಚರ್ಚಿಗೆ ಸೇರಿದ್ದು ಅದಾದ ಮೇಲೆ ಯಾವಾಗಲೋ. ಇಷ್ಟಲಿಂಗದ ವಿಷಯ ನನಗೆ ಗೊತ್ತಿದ್ದದ್ದು ಯಾವ ದೇವಶಾಸ್ತ್ರದ ಕ್ಲಾಸಿನಿಂದಲೂ ಅಲ್ಲ, ಪಕ್ಕದ ಮನೆಯಿಂದ. ಬೆಳಿಗ್ಗೆ ಗೆಳತಿಯನ್ನು ಶಾಲೆಗೆ ಕರೆಯಲು ಹೋದರೆ ಅವಳ ಅಜ್ಜಿಯ ಲಿಂಗಪೂಜೆ ಮುಗಿಯುವ ತನಕ ಆ ಅಜ್ಜಿಗೆ ಒಂದು ಗುಟುಕು ಚಹಾ ಕೂಡ ಇಲ್ಲ ಅನ್ನುವುದನ್ನು ನೋಡಿಯೇ ಬೆಳೆದೆ. ಎಲ್ಲ ಲಿಂಗಾಯತರೂ ಇಷ್ಟು ಕಟ್ಟುನಿಟ್ಟಾಗಿ ಇರುವುದಿಲ್ಲ. ಆದರೆ ದೀಕ್ಷೆ ಪಡೆದು ನೇಮ ಹಿಡಿದವರಿಗೆ ಲಿಂಗ ಮೈಮೇಲಿಂದ ದೂರವಾಗಬಾರದು, ಪೂಜೆಯಿಲ್ಲದೆ ಅನ್ನನೀರು ಮುಟ್ಟಬಾರದು. ಆಯಿಯದು ಊಟದ ನಿರಾಕರಣೆ ಅಲ್ಲವೇ ಅಲ್ಲ. ಅರವತ್ತು ವರ್ಷದಿಂದ ತಪ್ಪದ ನೇಮವನ್ನು ಅವರು ಎದೆ ಮುಟ್ಟಿಕೊಂಡು ಕಾಯುತ್ತಿದ್ದರು.

ಕ್ಯಾಷಿಯರ್ ಆಫೀಸಿಗೆ ಹೋದೆ. ರಸೀದಿ ಬೇಕು ಅಂದರು. ರಸೀದಿ ಮಗನ ಹತ್ತಿರ, ಮಗ ಮೀಟಿಂಗಿನಲ್ಲಿ. ಫೋನಿನಲ್ಲಿ ರಸೀದಿಯ ಫೋಟೋ ತರಿಸಿ, ವಾರ್ಡಿನ ಸಿಸ್ಟರ್ ಕೈಲಿ ಒಂದು ಪತ್ರ ಬರೆಸಿ, ನನ್ನ ಐಡಿ ತೋರಿಸಿ, ಎರಡು ಕಡೆ ಸಹಿ ಹಾಕಿ ಚೀಲ ಬಿಡಿಸಿಕೊಂಡು ಬರಲು ನಲವತ್ತು ನಿಮಿಷ ಹಿಡಿಯಿತು. ಸಿಸ್ಟರಿಗೆ ವಿಷಯ ತಿಳಿಸುವಾಗ ಇದು ಒಡವೆಯಲ್ಲ ಅಂದರೆ ಅರ್ಥವಾಗಲಿಲ್ಲ. ಕೊನೆಗೆ ಫೋನಿನಲ್ಲಿ ಲಂಡನ್ನಿನ ಲ್ಯಾಂಬೆತ್ ಹತ್ತಿರ ಥೇಮ್ಸ್ ದಂಡೆಯಲ್ಲಿರುವ ಬಸವಣ್ಣನ ಪ್ರತಿಮೆಯ ಫೋಟೋ ತೋರಿಸಿದೆ, 2015ರಲ್ಲಿ ನಿಲ್ಲಿಸಿದ್ದು. ಓ, ಇದರ ಮುಂದೆ ದಿನಾ ಓಡುತ್ತಿದ್ದೆ ನಾನು, ಅಂದಳು. ಆಮೇಲೆ ಪತ್ರ ಬೇಗ ಬರೆದಳು.

ಸೀಲನ್ನು ನಾನು ಒಡೆಯಲಿಲ್ಲ. ಚೀಲವನ್ನು ಆಯಿಯ ಕೈಗೇ ಕೊಟ್ಟೆ. ಅವರು ಕೈ, ಮುಖ ಒರೆಸಿಕೊಂಡರು. ಸ್ನಾನ ಆಗುವ ಮಾತಿರಲಿಲ್ಲ, ವಿಭೂತಿ ಮಗನ ಮನೆಯಲ್ಲಿ. ಇದ್ದದ್ದರಲ್ಲೇ ಆಗಲಿ ಅಂದರು. ಪರದೆ ಎಳೆದೆ. ಅವರು ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡರು. ನಾನು ಪರದೆಯ ಆಚೆ ನಿಂತೆ. ಬಿಪಿ ನೋಡಲು ಹುಡುಗಿ ಬಂದಳು, ಆಮೇಲೆ ಬಾ ಅಂದೆ. ಫಿಸಿಯೋದವನು ಬಂದ, ಅವನಿಗೂ ಅದನ್ನೇ ಹೇಳಿದೆ. ಸುಮಾರು ಇಪ್ಪತ್ತು ನಿಮಿಷ. ಆಮೇಲೆ ಒಳಗಿಂದ "ಬಾರವ್ವಾ, ನೀರು ಕೊಡು" ಅಂದರು. ನೀರು ಕುಡಿದರು, ಟೀ ಕುಡಿದರು, ಎರಡು ತುಂಡು ಟೋಸ್ಟ್ ತಿಂದರು, ಸಪ್ಪಗೈತಿ ಅಂದರು, ಮಲಗಿದರು. ಮಧ್ಯಾಹ್ನ ಕನ್ನಡದಲ್ಲಿ ಕೇಳಿದಾಗ ತಿಂಗಳುಗಳನ್ನು ಹಿಂದಿನಿಂದ ಹೇಳಿದರು, ಚೈತ್ರ ವೈಶಾಖದ ಲೆಕ್ಕದಲ್ಲಿ.

ಸಂಜೆ ಮಗ ಕಾರಿಡಾರಿನಲ್ಲಿ ಸಿಕ್ಕ. ನಾನೇ ಸಹಿ ಮಾಡಿ ಕೊಟ್ಟೆ ಅಂದ. ಶನಿವಾರ ಅವನ ಅವ್ವ ಬೇಡ ಬೇಡ ಅಂದಾಗ "ಅವ್ವಾ, ಇಲ್ಲಿ ಹಂಗೆಲ್ಲಾ ನಡ್ಯಂಗಿಲ್ಲ" ಅಂದಿದ್ದನಂತೆ. ಅವನ ಲಿಂಗ ಮನೆಯ ದೇವರ ಕಪಾಟಿನಲ್ಲಿದೆ. ಅದನ್ನೂ ಅವನೇ ಹೇಳಿದ, ನಾನು ಕೇಳಿರಲಿಲ್ಲ. ವಿವರಿಸಲು ನಾಚಿಕೆಯಾಯಿತು ಅಂದ. ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಗೆ ಹೇಳುವುದು, ಏನು ತಿಳಿದುಕೊಳ್ಳುತ್ತಾರೋ.

ಥಿಯೇಟರಿನ ಸಿಸ್ಟರನ್ನು ನಂತರ ಕೇಳಿದೆ. ಮೊದಲೇ ಗೊತ್ತಿದ್ದರೆ ಏನು ಮಾಡಬಹುದಿತ್ತು? ಲೋಹದ ಡಬ್ಬಿ ಬಿಟ್ಟು ಕಲ್ಲನ್ನಷ್ಟೇ ಬಟ್ಟೆಯಲ್ಲಿ ಸುತ್ತಿ ತೋಳಿಗೆ ಟೇಪ್ ಹಾಕಬಹುದಿತ್ತು ಅಂದಳು. ಮದುವೆಯ ಉಂಗುರಕ್ಕೆ ದಿನಾ ಟೇಪ್ ಹಾಕುತ್ತೇವೆ, ಸಿಖ್ಖರ ಕಡಗಕ್ಕೂ ಹಾಕುತ್ತೇವೆ, ಇದೇನು ದೊಡ್ಡದು?

ಬರೆಯಲು ಕೂತಾಗ

ಈ ಓದಿನಲ್ಲಿ ವರ್ಬೇಟಿಂ ಅಂತ ಒಂದು ಪದ್ಧತಿಯಿದೆ. ರೋಗಿಯ ಹತ್ತಿರ ಆದ ಮಾತನ್ನು ಮನೆಗೆ ಬಂದು ನೆನಪಿನಿಂದ ಸಾಲು ಸಾಲಾಗಿ ಬರೆಯಬೇಕು. ಅವರು ಹೀಗಂದರು, ನಾನು ಹೀಗಂದೆ. ಆಮೇಲೆ ಗುಂಪಿನಲ್ಲಿ ಕೂತು ಅದನ್ನು ಬಿಡಿಸಿ ನೋಡುತ್ತಾರೆ. ಇದರ ಬೇರು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಆಂಟನ್ ಬಾಯ್ಸನ್ ಅಂತ ಒಬ್ಬ ಪಾದ್ರಿ 1920ರಲ್ಲಿ ಸ್ವತಃ ಮನೋರೋಗಕ್ಕೆ ತುತ್ತಾಗಿ ಆಸ್ಪತ್ರೆ ಸೇರಿದ. ಹೊರಬಂದವನು 1925ರಲ್ಲಿ ವೂಸ್ಟರ್ ಸ್ಟೇಟ್ ಆಸ್ಪತ್ರೆಯಲ್ಲಿ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆತಂದು ರೋಗಿಗಳ ನಡುವೆ ಬಿಟ್ಟ. ಪುಸ್ತಕ ಓದುವಷ್ಟೇ ಜತನದಿಂದ ಬದುಕಿರುವ ಮನುಷ್ಯರನ್ನು ಓದಿ ಅನ್ನುವುದು ಅವನ ಹಟ. ಮಾತನ್ನು ಬರೆದಿಡುವ ಪದ್ಧತಿಯನ್ನು ರಸಲ್ ಡಿಕ್ಸ್ ಎಂಬ ಚಾಪ್ಲನ್ 1930ರ ದಶಕದಲ್ಲಿ ಬೆಳೆಸಿದ. ಮನೋರೋಗದ ವಾರ್ಡಿನಿಂದ ಎದ್ದು ಬಂದವನೇ ಒಂದು ಇಡೀ ಓದನ್ನು ಕಟ್ಟಿದ ಅನ್ನುವುದು ನನಗೆ ಈ ಕ್ಷೇತ್ರದಲ್ಲಿ ಅತಿ ಇಷ್ಟವಾದ ಸಂಗತಿ.

ನನ್ನ ವರ್ಬೇಟಿಂ ಇಂಗ್ಲಿಷಿನಲ್ಲಿ ಕೊಡಬೇಕು. ಧಾರವಾಡದ ಮಾತನ್ನು ಇಂಗ್ಲಿಷಿಗೆ ಹೇಗೆ ತರುವುದು? "ಇರವಲ್ದ್ಯಾಕ ಬಿಡವ್ವಾ" ಅನ್ನುವುದನ್ನು ಏನೋ ಒಂದು ಮಾಡಿ ಬರೆದೆ. ಅದರೊಳಗಿನ ಅವ್ವ ಬಿದ್ದುಹೋದಳು. ಯಾರ ಪೈಕಿ ಅನ್ನುವ ಪ್ರಶ್ನೆಯ ಪಕ್ಕದಲ್ಲಿ ನನ್ನ ಗೈಡ್ ಪೆನ್ಸಿಲಿನಲ್ಲಿ ಬರೆದರು: ರೋಗಿ ನಿನ್ನ ಜಾತಿ ಕೇಳಿದಾಗ ನಿನಗೆ ಭಯವಾಯಿತೇ?

ಇದಕ್ಕೆ ಉತ್ತರವಾಗಿ ಒಂದು ಪುಟ ಬರೆದೆ, ಮೂರು ಸಲ ಹರಿದು ಹಾಕಿದೆ. ಮೊದಲು ಬರೆದದ್ದು, ಇದು ನಮ್ಮ ಕಡೆ ಪರಿಚಯದ ಮಾತು, ಅದರಲ್ಲಿ ಏನಿಲ್ಲ ಅಂತ. ಸುಳ್ಳು. ಅದು ಪರಿಚಯದ ಮಾತೂ ಹೌದು, ಜಾತಿಯ ಅಳತೆಯೂ ಹೌದು, ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಕ್ರಿಶ್ಚನ್ ಮಂದಿ ಅನ್ನುವಾಗ ನನ್ನ ಹೊಟ್ಟೆಯಲ್ಲಿ ಸಣ್ಣಗೆ ಚುರ್ ಅಂದಿತ್ತು. ಹಿಂದೆ ಯಾವ ಜಾತಿ ಅಂತ ಮುಂದಿನ ಪ್ರಶ್ನೆ ಬರುತ್ತದೆ ಅಂತ ಕಾದಿದ್ದೆ. ಬರಲಿಲ್ಲ. ಬಂದಿದ್ದರೆ ಲಾಕರಿಗೆ ಅಷ್ಟೇ ವೇಗದಲ್ಲಿ ಹೋಗುತ್ತಿದ್ದೆನಾ? ಹೋಗುತ್ತಿದ್ದೆ ಅಂತ ಈಗ ಹೇಳುವುದು ಸುಲಭ.

ಎರಡು ದಿನದ ನಂತರ ಆಯಿ ದಿಂಬಿಗೆ ಒರಗಿ ಕೂತಿದ್ದಾಗ ವಿಭಾಗದ ಮಾಮೂಲಿ ಅಭಿಪ್ರಾಯದ ಫಾರಂ ಅಂತ ಪ್ರಾಮಿನ ಐದು ಪ್ರಶ್ನೆ ಕೇಳಿದೆ. ನಾಲ್ಕು ಹೇಗೋ ದಾಟಿದವು. ಬದುಕು ನನ್ನ ಹಿಡಿತದಲ್ಲಿದೆ ಅನ್ನಿಸಿತು ಅನ್ನುವುದು ಒಂದು. ಬದುಕು ನಿಮ್ಮ ಕೈಯಾಗ ಐತಿ ಅನ್ನಿಸ್ತದೇನ್ರಿ ಆಯಿ ಅಂದೆ. ಆಯಿ ನಕ್ಕರು. "ನನ್ನ ಕೈಯಾಗ ಏನೈತಿ? ಇದು ಒಂದ." ಎದೆಯ ಮೇಲಿನ ಕರಡಿಗೆ ತೋರಿಸಿದರು. ಸೊನ್ನೆ ಹಾಕಬೇಕೋ ನಾಲ್ಕು ಹಾಕಬೇಕೋ ತಿಳಿಯದೆ ಖಾಲಿ ಬಿಟ್ಟೆ.

ಅಳತೆಗೋಲು ಕೆಟ್ಟದ್ದು ಅನ್ನುವುದು ನನ್ನ ಮಾತಲ್ಲ. ತಮ್ಮ ಜನರ ನಡುವೆ ಜತನದಿಂದ ಮಾಡಿಕೊಂಡದ್ದು ಅದು. ಪ್ರಶ್ನೆಗಳನ್ನು ಸುಮ್ನೆ ಕನ್ನಡಕ್ಕೆ ತಿರುಗಿಸಿ ಮೂವತ್ತು ಜನರ ಕೈಗೆ ಕೊಡುವ ನನ್ನ ಯೋಜನೆಯೇ ಪೊಳ್ಳು. ಎಲ್ಲವೂ ಶಿವನ ಕೈಲಿದೆ ಅನ್ನುವುದೇ ಒಬ್ಬರ ನೆಮ್ಮದಿಯಾಗಿದ್ದರೆ ಹಿಡಿತದ ಪ್ರಶ್ನೆಗೆ ಅವರ ಅಂಕಿ ಕೆಳಗಿಳಿಯುತ್ತದೆ. ನಾನು ಅದನ್ನು ಕೂಡಿ ಕಳೆದು, ಚಾಪ್ಲನ್ ಭೇಟಿಯಿಂದ ಲಾಭ ಕಡಿಮೆ ಅಂತ ತೋರಿಸುತ್ತಿದ್ದೆ.

ಹಾಗಾದರೆ ಈ ಪ್ರಕರಣವನ್ನೇ ಪ್ರಬಂಧ ಮಾಡುತ್ತೇನೆ ಅಂತ ಓಡಿ ಹೋಗಿ ಗೈಡಿಗೆ ಹೇಳಿದೆ. ಇದಕ್ಕೆ ದಾರಿಯೂ ಇತ್ತು. ಷಿಕಾಗೋದ ಜಾರ್ಜ್ ಫಿಚೆಟ್ 2011ರಲ್ಲೇ ಹೇಳಿದ್ದರು, ಚಾಪ್ಲನ್‌ಗಳು ದೊಡ್ಡ ಅಂಕಿಗಳಿಗೆ ಕೈಹಾಕುವ ಮುಂಚೆ ತಾವು ನಿಜಕ್ಕೂ ಏನು ಮಾಡುತ್ತೇವೆ ಅಂತ ಒಂದೊಂದೇ ಪ್ರಕರಣವನ್ನು ವಿವರವಾಗಿ ಬರೆಯಬೇಕು ಅಂತ. ಹಿನ್ನೆಲೆ, ನಡೆದದ್ದು, ಚರ್ಚೆ. ನೆದರ್‌ಲೆಂಡ್ಸ್‌ನಲ್ಲಿ 2016ರಿಂದ ಚಾಪ್ಲನ್‌ಗಳು ಗುಂಪು ಗುಂಪಾಗಿ ಕೂತು ಇದನ್ನೇ ಮಾಡಿದ್ದಾರೆ.

ಗೈಡ್ ಎಲ್ಲ ಕೇಳಿದರು. ಆಮೇಲೆ ಅಂದರು: ಇದು ನಿನ್ನದಲ್ಲ.

ಆಯಿ ನನ್ನ ಹತ್ತಿರ ಮಾತಾಡಿದ್ದು ರೋಗಿಯಾಗಿ. ನಾನು ಕೇಳಿದ್ದು ಚಾಪ್ಲನ್ ಆಗಿ. ಸಂಶೋಧನೆಗೆ ಬಳಸುತ್ತೇನೆ ಅಂತ ನಾನು ಹೇಳಿರಲಿಲ್ಲ, ಅವರು ಒಪ್ಪಿರಲಿಲ್ಲ. ತರಬೇತಿಗೆ ಅಂತ ಹೆಸರು ತೆಗೆದು ಗುಂಪಿನಲ್ಲಿ ಚರ್ಚಿಸಬಹುದು. ಪ್ರಬಂಧದಲ್ಲಿ ದತ್ತಾಂಶ ಅಂತ ಇಡುವ ಹಾಗಿಲ್ಲ. ಎನ್‌ಎಚ್‌ಎಸ್ ರೋಗಿಗಳ ಮೇಲಿನ ಸಂಶೋಧನೆಗೆ ನೈತಿಕ ಸಮಿತಿಯ ಅನುಮತಿ ಬೇಕು. ಇದನ್ನು ಸೇವೆಯ ಮೌಲ್ಯಮಾಪನ ಅಂತ ಕರೆದರೆ ಅನುಮತಿ ಬೇಕಾಗುವುದಿಲ್ಲ, ಅದೊಂದು ಸಂದಿ, ಬಹಳ ಜನ ಅದರಲ್ಲಿ ನುಸುಳುತ್ತಾರೆ. ನುಸುಳಬೇಡ ಅಂದರು.

ಒಂದು ವಾರ ಸಿಟ್ಟಿನಲ್ಲಿದ್ದೆ. ನಾನೇ ನಡೆದು ಹೋಗಿ ಬಿಡಿಸಿಕೊಂಡು ಬಂದ ಲಿಂಗ, ನನಗೇ ಬಂದ ಮಾತು, ನನ್ನದಲ್ಲವಂತೆ. ಆಮೇಲೆ ಯೋಚಿಸಿದಾಗ ನಿಯಮ ಸರಿ ಅನ್ನಿಸಿತು, ಇವತ್ತಿಗೂ ಸರಿ ಅನ್ನಿಸುತ್ತದೆ. ಹಾಸಿಗೆಯ ಪಕ್ಕ ಕೂತವಳ ತಲೆಯಲ್ಲಿ ಇದು ಎಷ್ಟನೇ ಅಧ್ಯಾಯಕ್ಕೆ ಬರುತ್ತದೆ ಅನ್ನುವ ಲೆಕ್ಕ ಓಡುತ್ತಿದ್ದರೆ ಆಯಿಗೆ ಅದು ತಿಳಿಯದೇ ಇರುತ್ತದಾ? ಮುದುಕರಿಗೆ ಎಲ್ಲ ತಿಳಿಯುತ್ತದೆ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಏಕೆಂದರೆ ಇದೂ ಒಂದು ಓದಾ, ಎಲ್ಲಿ ಕಲಿಸುತ್ತಾರೆ ಅಂತ ಬಹಳ ಜನ ಕೇಳುತ್ತಾರೆ. ಅಮೆರಿಕದಲ್ಲಿ ಚಾಪ್ಲನ್‌ಗಳ ವೃತ್ತಿ ಮಂಡಳಿಯ ಪ್ರಮಾಣಪತ್ರ ಬೇಕಾದರೆ ಸ್ನಾತಕೋತ್ತರ ಪದವಿಯ ಜೊತೆ ನಾಲ್ಕು ಯೂನಿಟ್ ಕ್ಲಿನಿಕಲ್ ತರಬೇತಿ, ಅದರ ಮೇಲೆ 2000 ಗಂಟೆಯ ಕೆಲಸ ಕೇಳುತ್ತಾರೆ. ಬ್ರಿಟನ್ನಿನಲ್ಲಿ ಆಸ್ಪತ್ರೆ ಚಾಪ್ಲನ್‌ಗಳಿಗೆ ಒಂದು ರಿಜಿಸ್ಟರ್ ಇದೆ, 2017ರಲ್ಲಿ ಅದಕ್ಕೆ ವೃತ್ತಿ ಮಾನ್ಯತೆ ಸಿಕ್ಕಿತು. ಮುಸ್ಲಿಂ ಚಾಪ್ಲನ್‌ಗಳ ಓದಿಗೆ ಅಮೆರಿಕದ ಹಾರ್ಟ್‌ಫರ್ಡ್ ಹೆಸರಾದದ್ದು. ಟೊರಾಂಟೊದ ಇಮ್ಯಾನುಯೆಲ್ ಕಾಲೇಜಿನಲ್ಲಿ ಬೌದ್ಧರಿಗೂ ಮುಸ್ಲಿಮರಿಗೂ ದಾರಿಯಿದೆ. ನಮ್ಮಲ್ಲಿ ವೆಲ್ಲೂರಿನ ಸಿಎಂಸಿಯಲ್ಲಿ ಕ್ಲಿನಿಕಲ್ ತರಬೇತಿ ಸಿಗುತ್ತದೆ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರಿಂದ ಇದೆ, ಆದರೆ ಅದು ಕ್ರೈಸ್ತ ದೇವಶಾಸ್ತ್ರದ ಚೌಕಟ್ಟು. ಲಿಂಗಾಯತರಿಗೆ, ಜೈನರಿಗೆ, ಯಾವ ಮಠಕ್ಕೂ ಸೇರದವರಿಗೆ ಆಸ್ಪತ್ರೆಯಲ್ಲಿ ಹೀಗೆ ಕೂರುವುದನ್ನು ಕನ್ನಡದಲ್ಲಿ ಕಲಿಸುವ ಒಂದು ಕೋರ್ಸೂ ನನ್ನ ಕಣ್ಣಿಗೆ ಬಿದ್ದಿಲ್ಲ. ನಮ್ಮ ಮಠಗಳು ಇಷ್ಟೊಂದು ಮೆಡಿಕಲ್ ಕಾಲೇಜು ನಡೆಸುತ್ತವೆ, ಯಾರಾದರೂ ಯೋಚಿಸಬಾರದಾ ಅಂತ ನನ್ನ ಗೊಣಗಾಟ.

ಮತ್ತೆ ಕೇಳಿದಾಗ

ಹೊಸ ಅರ್ಜಿ ಹಾಕಿದೆ. ಆಸ್ಪತ್ರೆಯಿಂದ ಮನೆಗೆ ಹೋದವರಿಗೆ ಪತ್ರ ನಾನು ಬರೆಯುವ ಹಾಗಿಲ್ಲ, ಬೇರೆಯವರು ಬರೆಯಬೇಕು. ನಾನು ಕೇಳಿದರೆ ಇಲ್ಲ ಅನ್ನಲು ದಾಕ್ಷಿಣ್ಯವಾಗುತ್ತದೆ ಅಲ್ವಾ. ಅನುಮತಿ ಬರಲು ಐದು ತಿಂಗಳು. ಅಷ್ಟರಲ್ಲಿ ಆಯಿ ವಾಕರ್ ಬಿಟ್ಟು ಕೋಲು ಹಿಡಿದು ಊರಿಗೆ ಹೋಗಿದ್ದರು.

ಮಾಹಿತಿ ಪತ್ರ ನಾಲ್ಕು ಪುಟ, ಕನ್ನಡಕ್ಕೆ ತರಬೇಕು. ಆಧ್ಯಾತ್ಮಿಕ ಆರೈಕೆ ಅಂತ ಬರೆದೆ. ಪರೀಕ್ಷೆಗೆ ಅಂತ ಊರಲ್ಲಿ ನಾಲ್ಕು ಜನರಿಗೆ ಓದಿಸಿದರೆ ಒಬ್ಬರು ಆಯುರ್ವೇದದ ಮಸಾಜ್ ಅಂದುಕೊಂಡರು, ಒಬ್ಬರು ಸ್ವಾಮಿಗಳ ಪ್ರವಚನ ಅಂದರು. ನಮ್ಮವ್ವನನ್ನು ಕೇಳಿದೆ: ಆಸ್ಪತ್ರೆಯಲ್ಲಿ ಇದ್ದವರ ಹತ್ತಿರ ಹೋಗಿ ಬರುವುದಕ್ಕೆ ನೀವೆಲ್ಲ ಏನನ್ನುತ್ತೀರಿ? "ಮಾತಾಡ್ಸಿಕೊಂಡು ಬರೋದು" ಅಂದಳು. ಇದು ನನಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಮಾತು! ಯಾರೋ ಬಿದ್ದರಂತೆ, ಮಾತಾಡಿಸಿಕೊಂಡು ಬರೋಣ. ಅದೇ ಪದ ಹಾಕಿದೆ. ಸಮಿತಿಗೆ ಅದರ ಇಂಗ್ಲಿಷ್ ಅರ್ಥ ಬರೆದು ಕೊಡುವಾಗ ಮತ್ತೆ ಒದ್ದಾಡಿದೆ.

ವಿಡಿಯೋ ಕಾಲ್. ಮೊಮ್ಮಗಳು ಫೋನ್ ಹಿಡಿದಿದ್ದಳು. ಒಪ್ಪಿಗೆಯ ಮಾತುಗಳನ್ನು ಓದಿ ಹೇಳಿದೆ, ಯಾವಾಗ ಬೇಕಾದರೂ ಕಾರಣ ಹೇಳದೆ ಬಿಟ್ಟುಬಿಡಬಹುದು ಅಂದೆ. ಆಯಿ ಮೊದಲು ಕೇಳಿದ್ದು ಬೇರೆ: "ಮಂದಿನ್ನ ಮಾತಾಡಿಸಾಕ ಅಲ್ಲಿ ಪಗಾರ ಕೊಡ್ತಾರೇನು?" ಕೊಡುತ್ತಾರೆ, ನರ್ಸುಗಳ ಹಾಗೆ ಇವರಿಗೂ ಬ್ಯಾಂಡ್, ಅಂದರೆ ಸಂಬಳದ ದರ್ಜೆ, ಇದೆ, ಸಾಮಾನ್ಯವಾಗಿ ಬ್ಯಾಂಡ್ 6 ಅಂದೆ. ಆಯಿ ಮೊಮ್ಮಗಳ ಮುಖ ನೋಡಿದರು.

ಆ ಸೋಮವಾರ ನಿಮಗೆ ಸಮಾಧಾನ ಕೊಟ್ಟದ್ದು ಯಾವುದು ಅಂತ ಕೇಳಿದೆ. ಉತ್ತರ ನನಗೆ ಗೊತ್ತಿತ್ತು. ಲಿಂಗ ಸಿಕ್ಕಿದ್ದು. ಪ್ರಬಂಧದ ಆ ಭಾಗ ಹೆಚ್ಚುಕಡಿಮೆ ಬರೆದೇ ಇಟ್ಟಿದ್ದೆ. ನನ್ನ ಓಡಾಟ, ರಸೀದಿ, ಸಹಿ, ಬಸವಣ್ಣನ ಫೋಟೋ, ಎಲ್ಲ ಇತ್ತು.

"ಲಿಂಗ ಸಿಗೂದು ಸಿಗತಿತ್ತು ಬಿಡು" ಅಂದರು ಆಯಿ. "ಆಪೀಸ್ ತಗದ್ರ ನನ್ನ ಮಗ ತರತಿದ್ದ. ನೀ ಪಡದೆ ಹಂತ್ಯಾಕ ನಿಂತಿದ್ದೆಲ್ಲಾ, ಯಾರನೂ ಒಳಗ ಬಿಡಲಾರದ. ಅದು."

ಹಸಿವಿನ ಬಗ್ಗೆ ಕೇಳಿದೆ. ಹಸಿವು ಏನಲ್ಲ ಅಂದರು. "ಯಾರ್ಯಾರದೋ ಗಡಿಯಾರ, ಹಲ್ಲಿನ ಸೆಟ್ಟು, ಅದರ ಜೋಡಿ ನನ್ನ ಲಿಂಗ ಬಿದ್ದಿತ್ತಲ್ಲ, ಅದನ್ನ ನೆನಸ್ಕೊಂಡ್ರ ಸಂಕಟ ಆಗತಿತ್ತು. ತಂದು ಕೊಟ್ಟಿ. ಆದ್ರ ಆ ವಾರ್ಡಿನಾಗ ಗಳಿಗೆಗೊಬ್ಬರು ಪಡದೆ ಸರಿಸ್ತಿದ್ರು. ಕೈಯಾಗ ಲಿಂಗ ಹಿಡಕೊಂಡಾಗ ಯಾರರೇ ಬಂದು ಪಡದೆ ಸರಿಸಿದ್ರ?"

ಕಾಲ್ ಮುಗಿದ ಮೇಲೆ ನನ್ನ ಹಳೆಯ ವರ್ಬೇಟಿಂ ತೆಗೆದೆ. ಏಳು ಪುಟ. ನಾನು ಏನಂದೆ, ಅವರು ಏನಂದರು, ಸಿಸ್ಟರ್ ಏನಂದಳು. ಆ ಇಪ್ಪತ್ತು ನಿಮಿಷಕ್ಕೆ ಇದ್ದದ್ದು ಒಂದು ಬ್ರಾಕೆಟ್: ಪೂಜೆ, ಸುಮಾರು 20 ನಿಮಿಷ. ಬಿಪಿ ಹುಡುಗಿಯನ್ನು, ಫಿಸಿಯೋದವನನ್ನು ವಾಪಸ್ ಕಳಿಸಿದ್ದು ಅದರಲ್ಲಿ ಬರೆದೇ ಇರಲಿಲ್ಲ. ಅದನ್ನು ನಾನು ಕೆಲಸ ಅಂತ ಎಣಿಸಿರಲಿಲ್ಲ. ಕೆಲಸ ಶುರುವಾಗಲು ಕಾಯುತ್ತಿದ್ದೇನೆ ಅಂತಲೇ ನಿಂತಿದ್ದೆ, ಕಾಲು ನೋಯುತ್ತಿತ್ತು, ಒಂದೆರಡು ಸಲ ಫೋನ್ ಕೂಡ ನೋಡಿದ್ದೆ.

ವರ್ಬೇಟಿಂ ಪದ್ಧತಿಯಲ್ಲಿ ಮಾತು ಮಾತ್ರ ಉಳಿಯುತ್ತದೆ ಅಂತ ಪುಸ್ತಕದಲ್ಲಿ ಓದಿದ್ದೆ. ನನ್ನ ಕಾಗದದಲ್ಲೇ ಅದನ್ನು ನೋಡಿದ ಮೇಲೆ ಪ್ರಬಂಧದ ಪ್ರಶ್ನೆ ತಾನಾಗಿ ಬದಲಾಯಿತು: ಚಾಪ್ಲನ್ ತನ್ನ ಟಿಪ್ಪಣಿಯಲ್ಲಿ ಏನನ್ನು ಬಿಡುತ್ತಾನೆ, ಬಿಟ್ಟದ್ದನ್ನು ರೋಗಿಯೇ ಹೇಗೆ ವಾಪಸ್ ಸೇರಿಸುತ್ತಾಳೆ. ಆಯಿ ಒಬ್ಬರೇ ಅಲ್ಲ, ಆಮೇಲೆ ಇನ್ನೂ ಇಬ್ಬರು ಒಪ್ಪಿದರು. ಅವರ ಕತೆ ಇಲ್ಲಿ ಬೇಡ. ಅವರನ್ನೂ ಹೀಗೇ ಕೇಳಿದೆ, ಅವರೂ ನನ್ನ ನೋಟ್ಸಿನಲ್ಲಿ ಇಲ್ಲದ್ದನ್ನೇ ಹೇಳಿದರು.

ಚಾಪ್ಲನ್ ಅನ್ನುವ ಪದದ ಹುಟ್ಟಿನ ಕತೆಯೊಂದಿದೆ, ಮೊದಲ ವರ್ಷದ ಮೊದಲ ಕ್ಲಾಸಿನಲ್ಲೇ ಹೇಳುತ್ತಾರೆ. ಟೂರ್ ಊರಿನ ಸಂತ ಮಾರ್ಟಿನ್ ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧವನ್ನು ಭಿಕ್ಷುಕನಿಗೆ ಕೊಟ್ಟ. ಉಳಿದ ತುಂಡನ್ನು ಫ್ರಾಂಕರ ಅರಸರು ಪವಿತ್ರ ವಸ್ತು ಅಂತ ಇಟ್ಟುಕೊಂಡರು. ಆ ಮೇಲಂಗಿಯನ್ನು ಕಾಯುತ್ತಿದ್ದವರಿಗೆ ಬಂದ ಹೆಸರು ಇದು. ಅವತ್ತು ಕ್ಲಾಸಿನಲ್ಲಿ ಆಕಳಿಸಿಕೊಂಡು ಕೇಳಿದ್ದೆ. ಪ್ರಬಂಧದಲ್ಲಿ ಸೇರಿಸಿದ್ದೇನೆ, ಅಡಿಟಿಪ್ಪಣಿಯಲ್ಲಿ. ಪರೀಕ್ಷಕರೊಬ್ಬರು ಇದನ್ನು ಮೇಲಕ್ಕೆ ತನ್ನಿ ಅಂದರು. ತರಲಿಲ್ಲ, ಜಾಸ್ತಿ ಮುದ್ದಾಗುತ್ತದೆ.

ವಾರ್ಡಿನಲ್ಲಿ ಬದಲಾದದ್ದು ಒಂದು ಕಾರ್ಡು. ಥಿಯೇಟರ್ ಚೆಕ್‌ಲಿಸ್ಟಿಗೆ ಪಿನ್ ಹಾಕಿದ್ದಾರೆ: ಮೈಮೇಲಿನ ದಾರ, ತಾಯತ, ಡಬ್ಬಿ ತೆಗೆಯುವ ಮುಂಚೆ ರೋಗಿಯನ್ನೇ ಕೇಳಿ, ಟೇಪ್ ಹಾಕಲು ಬರುತ್ತದೋ ನೋಡಿ, ತೆಗೆದರೆ ಲಾಕರಿಗೆ ಕಳಿಸಬೇಡಿ, ವಾರ್ಡಿನಲ್ಲೇ ಇಡಿ. ದಾಖಲಾತಿ ಫಾರಂನಲ್ಲಿ ಹಿಂದೂ ಅನ್ನುವ ಚೌಕ ಹಾಗೇ ಇದೆ. ಅದು ಕಂಪ್ಯೂಟರಿನವರ ಕೈಲಿದೆಯಂತೆ. ಕಂಪ್ಯೂಟರಿನವರು ಅದು ಲಂಡನ್ನಿನವರ ಕೈಲಿದೆ ಅನ್ನುತ್ತಾರೆ.

ಫಲಿತಾಂಶ ಬಂದ ದಿನ ಆಯಿಗೆ ಫೋನ್ ಮಾಡಿದೆ. ಪಾಸಾದೇನು ಅಂದರು. ಆದೆ ಅಂದೆ.

"ನನ್ನ ಸಲುವಾಗಿ ಎಷ್ಟು ಪುಟ ಬರದಿ?"

"ನಲವತ್ತರೀ."

ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

"ಇಪ್ಪತ್ತು ಮಿನಿಟಿಗೆ?"